ಕೆಂಚಿಹಳ್ಳದ ನಿಂತ ನೀರು

ಜನವರಿ ೪, ಭಾನುವಾರ

ಇದು ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ. ಪ್ರತಿ ವರ್ಷ ಕೊಡುತ್ತಾರೆ, ಪ್ರತಿ ವರ್ಷ ಶಿವರತ್ನ ಅದರ ಹಾಳೆ ಹರಿದು ಡಬ್ಬಿಗಳ ಕೆಳಗೆ ಹಾಸುತ್ತಾಳೆ. ಈ ಸಲ ನಾನು ಎತ್ತಿಟ್ಟುಕೊಂಡೆ. ಬಾಯಿಬಿಟ್ಟು ಹೇಳಲಾಗದ್ದನ್ನು ಎಲ್ಲಾದರೂ ಕಕ್ಕದಿದ್ದರೆ ತಲೆ ಸಿಡಿದುಹೋಗುತ್ತದೆ.

ಆದದ್ದು ಇಷ್ಟು. ಪವಿತ್ರ ನಿನ್ನೆ ಮೈಸೂರಿನಿಂದ ಬಂದಳು. ಒಬ್ಬಳೇ ಮಗಳು. ಸಣ್ಣ ವಿಮಾನ ಓಡಿಸುವುದನ್ನು ಕಲಿತು, ಈಗ ಅದನ್ನೇ ಬೇರೆಯವರಿಗೆ ಕಲಿಸುತ್ತಾಳೆ. ಒಂದು ತಿಂಗಳು ರಜೆ ಹಾಕಿ ಬಂದಿದ್ದೇನೆ ಎಂದಾಗ, ಮನೆಯ ಊಟ ಬೇಕು ಅನ್ನಿಸಿರಬೇಕು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ, ಯಾರದೋ ಗೃಹಪ್ರವೇಶದ ವಿಷಯ ಹೇಳಿದ ಹಾಗೆ ಹೇಳಿದಳು.

‘ಅಪ್ಪ, ಫೆಬ್ರವರಿ ಎಂಟಕ್ಕೆ ನಮ್ಮ ಕೆಂಚಿಹಳ್ಳದ ಡ್ಯಾಮಲ್ಲಿ ಜಲೋತ್ಸವ ಮಾಡ್ತಾವ್ರೆ. ನಾನು ವಿಮಾನ ತರ್ತೀನಿ. ನೀರಿಗೆ ಚಕ್ರ ತಗುಲಿಸ್ಕೊಂಡು ಈ ದಡದಿಂದ ಆ ದಡಕ್ಕೆ ಓಗೋದು.’

‘ತಗುಲಿಸ್ಕೊಂಡು ಅಂದ್ರೆ?’

‘ತಗುಲಿಸ್ಕೊಂಡು ಅಂದ್ರೆ ತಗುಲಿಸ್ಕೊಂಡು.’

ಕಾಫಿ ಲೋಟ ಕೆಳಗಿಟ್ಟೆ. ಕುಂತೂರಿನ ಸಕ್ಕರೆ ಕಾರ್ಖಾನೆಯ ಕಬ್ಬಿನ ಯಾರ್ಡಿನಲ್ಲಿ ಜೀವಮಾನವೆಲ್ಲ ಪೀಪಿ ಊದಿ, ಕೆಂಪು ಬಾವುಟ ಆಡಿಸಿ, ಲೋಡು ತುಂಬಿದ ಟ್ರ್ಯಾಕ್ಟರಿಗೆ ದಾರಿ ಬಿಡಿಸಿದವನು ನಾನು. ಒಂದು ಟ್ರೈಲರ್ ಮಗುಚಿದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ಅದು ನೆಲದ ಮೇಲೆ. ಇವಳು ಹೇಳುತ್ತಿರುವುದು ನೀರಿನ ಮೇಲೆ, ಅದೂ ಆಕಾಶದಿಂದ ಬಂದು.

ಶಿವರತ್ನಳ ಕಡೆ ನೋಡಿದೆ. ‘ನನ್ನ್ಯಾಕ್ ನೋಡೀರಿ? ಇಮಾನ ಕಲಿ ಅಂತ ಕಳ್ಸಿದ್ದು ನೀವೇ ತಾನೇ’ ಎಂದು ಎದ್ದು ಒಳಗೆ ಹೋದಳು. ನನ್ನ ಪರ ಈ ಮನೆಯಲ್ಲಿ ಯಾರೂ ಇಲ್ಲ.

ಜನವರಿ ೭, ಬುಧವಾರ

ಯಳಂದೂರಿಗೆ ಹೋಗಿ ಬಂದೆ. ಪವಿತ್ರ ಕರೆದಳು. ಕರೆಯದಿದ್ದರೂ ಹೋಗುತ್ತಿದ್ದೆ.

ವಿಮಾನ ಗುರುಪ್ರಕಾಶ್ ಅವರದು. ವಾಯುಪಡೆಯಲ್ಲಿದ್ದು ಬಂದವರು, ಪವಿತ್ರಳಿಗೆ ಮೊದಲು ಕಲಿಸಿದವರು. ತೆಂಗಿನ ತೋಟದ ಪಕ್ಕದಲ್ಲಿ ಉದ್ದಕ್ಕೆ ನೆಲ ಸಮ ಮಾಡಿಸಿ ತಗಡಿನ ಶೆಡ್ಡು ಹಾಕಿಕೊಂಡಿದ್ದಾರೆ. ಒಳಗೆ ವಿಮಾನ. ಅದನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರು ಮಂಡಿ ಮಡಿಸಿ ಕೂರಬಹುದಾದ ಜಾಗ. ರೆಕ್ಕೆಗೆ ಬಟ್ಟೆ ಬಿಗಿದು ಬಣ್ಣ ಬಳಿದಿದ್ದಾರೆ, ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದಾಗುತ್ತದೆ. ಚಕ್ರಗಳು ಮಾತ್ರ ಆ ಮೈಗೆ ಸಲ್ಲದಷ್ಟು ದಪ್ಪ.

‘ಇದ್ರಲ್ಲಾ ಸಾ ನನ್ ಮಗಳನ್ನ ಕೂರುಸ್ತಿರೋದು?’ ಎಂದೆ.

‘ಕೂರಿಸ್ತಿದ್ದ ಕಾಲ ಹೋಯ್ತು ಶಾಂತರಾಜು. ಈಗ ಅವಳೇ ಕೂತ್ಕೊಳ್ತಾಳೆ. ನನಗಿಂತ ಚೆನ್ನಾಗಿ ಓಡಿಸ್ತಾಳೆ’ ಎಂದರು ಗುರುಪ್ರಕಾಶ್.

ಅವರು ವಿವರಿಸಿದ್ದು ಹೀಗೆ. ಚಪ್ಪಟೆ ಕಲ್ಲನ್ನು ಕೆರೆಯ ಮೇಲೆ ಬೀಸಿ ಎಸೆದರೆ ಕುಪ್ಪಳಿಸಿಕೊಂಡು ಹೋಗುತ್ತದಲ್ಲ, ಹಾಗೆಯೇ ವೇಗ ಇರುವ ತನಕ ನೀರು ಚಕ್ರವನ್ನು ಹೊತ್ತುಕೊಳ್ಳುತ್ತದೆ. ಎತ್ತರ ಸ್ವಲ್ಪ ತಪ್ಪಿ ಚಕ್ರ ಒಳಗಿಳಿದರೆ ನೀರು ಕಾಲು ಹಿಡಿದು ಎಳೆಯುತ್ತದೆ, ವಿಮಾನ ಮೂತಿ ಮುಂದಾಗಿ ಮಗುಚುತ್ತದೆ. ಅವರು ಇದನ್ನು ಸಮಾಧಾನಕ್ಕೆಂದು ಹೇಳಿದರಂತೆ. ಬರುವಾಗ ಬಸ್ಸಿನಲ್ಲಿ ಪವಿತ್ರ ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆ ಮಾಡಿದಳು. ನಾನು ಎರಡೂ ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ.

ಜನವರಿ ೧೧, ಭಾನುವಾರ

ಇವತ್ತು ಡ್ಯಾಮಿನ ಮೇಲೆ ಮೊದಲ ಅಭ್ಯಾಸ. ಕಾಮಗೆರೆಯಿಂದ ಮೊಪೆಡ್ಡಿನಲ್ಲಿ ಹೋಗಿ ಏರಿಯ ಮೇಲೆ ನಿಂತೆ. ಚಳಿ. ಕೆಳಗೆ ಮೀನಿನವರ ತೆಪ್ಪಗಳು ನೀರಿಗೆ ಇಳಿದಿದ್ದವು. ಕೆಂಪನಂಜಪ್ಪನ ತೆಪ್ಪ ಎಲ್ಲಕ್ಕಿಂತ ಮುಂದೆ. ಬಲೆ ಬಿಟ್ಟು, ಹುಟ್ಟುಗೋಲಿನಿಂದ ನೀರನ್ನು ದಬದಬ ಬಡಿದು ಮೀನನ್ನು ಬಲೆಗೆ ಅಟ್ಟುವುದು ಇವರ ಪದ್ಧತಿ. ಆಚೆ ಪುಟ್ಟಮಲ್ಲಮ್ಮ ಎಮ್ಮೆ ತೊಳೆಯುತ್ತಿದ್ದಳು. ಡ್ಯಾಮಿನ ತುಂಬ ಗದ್ದಲ.

ಮೊದಲು ಶಬ್ದ ಬಂತು. ಆಮೇಲೆ ಹನೂರಿನ ಕಡೆಯ ಗುಡ್ಡದ ಸಂದಿಯಿಂದ ವಿಮಾನ ಇಳಿಯಿತು. ಇಳಿಯಿತು, ಇನ್ನೂ ಇಳಿಯಿತು, ಸಾಕು ಸಾಕು ಎಂದು ನಾನು ಅಂದುಕೊಳ್ಳುವ ಹೊತ್ತಿಗೆ ಇನ್ನಷ್ಟು ಇಳಿಯಿತು. ಅದರ ನೆರಳು ನೀರಿನ ಮೇಲೆ ಓಡಿಬಂದು ಚಕ್ರಕ್ಕೆ ಕೂಡಿಕೊಂಡಿತು. ಬೆಳ್ಳಗೆ ಎರಡು ಗೀಟು ಎದ್ದವು. ಅಷ್ಟೇ ಕಂಡದ್ದು, ಆಮೇಲೆ ನಾನು ಕೂತಿದ್ದೆ. ಯಾವಾಗ ಕೂತೆ ಎಂಬುದು ಗೊತ್ತಿಲ್ಲ.

ವಿಮಾನ ಏರಿ ಹೊರಟುಹೋದ ಮೇಲೆ ಕೆಂಪನಂಜಪ್ಪ ದಡಕ್ಕೆ ಬಂದ. ‘ಏನಣ್ಣ, ಇಂಗ್ ಬೆವ್ತಿದ್ದೀರಿ ಈ ಚಳೀಲಿ?’ ಎಂದ. ‘ಮಗಳು ನೋಡಿ, ನೀರ್ ಮ್ಯಾಲೆ ಗೆರೆ ಎಳ್ದಂಗೆ ಓಯ್ತು.’ ಒಂದು ಮೀನು ಕೊಟ್ಟು ಕಳುಹಿಸಿದ. ಶಿವರತ್ನ ಸಾರು ಮಾಡಿದಳು, ಪವಿತ್ರ ಎರಡು ಸಲ ಹಾಕಿಸಿಕೊಂಡಳು. ನನ್ನ ಪಾಲಿನ ತುಂಡನ್ನೂ ಅವಳ ತಟ್ಟೆಗೇ ಹಾಕಿದೆ.

ಜನವರಿ ೧೩, ಮಂಗಳವಾರ

ಇವತ್ತೂ ಹಾರಿದಳು. ನೋಡಲು ಹೋಗಬಾರದು ಎಂದುಕೊಂಡೆ. ಮನೆಯಲ್ಲಿದ್ದರೆ ಇನ್ನೂ ಕಷ್ಟ. ಹೋದೆ.

ಜನವರಿ ೧೬, ಶುಕ್ರವಾರ

ನಿನ್ನೆ ಸಂಕ್ರಾಂತಿ. ಹಬ್ಬದ ದಿನ ಜಗಳ ಬೇಡ ಎಂದು ಸುಮ್ಮನಿದ್ದೆ. ಇವತ್ತು ತಡೆಯಲಾಗಲಿಲ್ಲ. ಕಬ್ಬು ಸಿಗಿಯುತ್ತಾ ಕೂತಿದ್ದವಳ ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿಯೇಬಿಟ್ಟೆ.

‘ಮಗ, ಮ್ಯಾಲೆ ಆರಾಡು. ಎಷ್ಟ್ ಬೇಕಾದ್ರೂ ಆರಾಡು. ನೀರಿನ ಅತ್ರ ಯಾಕೆ ಬರ್ಬೇಕು?’

ಅವಳು ಯೋಚನೆ ಮಾಡಿ ಹೇಳಿದಳು. ‘ಮ್ಯಾಲೆ ಓದ್ರೆ ಓಗ್ತಾ ಇದೀನಿ ಅಂತ್ಲೇ ಗೊತ್ತಾಗಲ್ಲಪ್ಪ. ನಿಂತಂಗೇ ಇರುತ್ತೆ. ಕೆಳಗೆ ಬಂದಾಗ ಎಲ್ಲಾ ಓಡುತ್ತೆ. ಒಂದು ಗೇಣು ತಪ್ಪಿದ್ರೆ ತಪ್ಪು. ಆ ಗೇಣು ನನ್ ಕೈಲಿ ಇದೆ ಅನ್ನೋದು ಎಷ್ಟ್ ಚೆನ್ನಾಗಿರುತ್ತೆ ಗೊತ್ತಾ.’

‘ಕೈ ತಪ್ಪಿದ್ರೆ?’

‘ನನ್ ಕಣ್ ಮ್ಯಾಲೆ ನಂಗೆ ನಂಬಿಕೆ ಅದೆ. ನೀನೂ ನಂಬು.’

ನಂಬು ಎಂದರೆ ನಂಬಲಾಗುತ್ತದೆಯೇ? ನನಗೆ ಸಿಟ್ಟು ಬಂತು. ಈ ಹುಡುಗಿ ತನ್ನ ಜೀವ ತನ್ನೊಬ್ಬಳದೇ ಎಂದು ತಿಳಿದಿದ್ದಾಳೆ.

ಜನವರಿ ೨೦, ಮಂಗಳವಾರ

ಬೆಳಿಗ್ಗೆಯ ಹಾರಾಟದಲ್ಲಿ ಒಂದು ತೆಪ್ಪ ಅವಳ ದಾರಿಗೆ ಹತ್ತಿರ ಬಂದಿತ್ತು. ಹತ್ತಿರ ಎಂದರೆ ಸಾಕಷ್ಟು ದೂರವೇ ಇತ್ತು ಎಂದು ಅವಳು ಹೇಳುತ್ತಾಳೆ. ನನಗೆ ಹಾಗೆ ಕಾಣಲಿಲ್ಲ. ತಲೆಯೊಳಗೆ ಪೀಪಿ ಕೂಗಿಬಿಟ್ಟಿತು.

ಆಗ ಹೊಳೆಯಿತು, ನಾನು ಇಷ್ಟು ದಿನ ಏನೂ ಮಾಡದೆ ನಿಂತಿದ್ದೇನೆ ಎಂದು. ಲೋಡು ಬರುವಾಗ ಏನು ಮಾಡಬೇಕು? ದಾರಿ ಖಾಲಿ ಮಾಡಿಸಬೇಕು. ಬದುಕೆಲ್ಲ ಅದನ್ನೇ ಮಾಡಿದವನು ಮಗಳ ವಿಷಯಕ್ಕೆ ಮರೆತೆನಲ್ಲ. ಮುಂದಿನ ಅಭ್ಯಾಸ ಶುಕ್ರವಾರ. ಮಧ್ಯಾಹ್ನವೇ ಮೊಪೆಡ್ ಹತ್ತಿ ಡ್ಯಾಮಿನ ಸುತ್ತಲಿನ ಮನೆಮನೆಗೂ ಹೋದೆ.

‘ಶುಕ್ರವಾರ ಬೆಳಿಗ್ಗೆ ನೀರಿಗೆ ಯಾರೂ ಇಳೀಬಾರ್ದು ಕಣಪ್ಪ’ ಎಂದು ಕೆಂಪನಂಜಪ್ಪನಿಗೆ ಹೇಳಿದೆ.

‘ನಮ್ ತೆಪ್ಪ ಮಗೀಗೆ ಅಡ್ಡ ಆಯ್ತದಾ ಅಣ್ಣ?’

‘ಅಡ್ಡ ಆಗ್ದೆ? ಅದು ಬರೋ ಜೋರಿಗೆ ನೀರು ಅಲ್ಲಾಡಿದ್ರೂ ಕಷ್ಟ. ನೀರು ರೋಡ್ ಇದ್ದಂಗೆ ಇರ್ಬೇಕು.’

‘ಅಂಗಾರೆ ಆಯ್ತು ಬುಡಿ. ಒಂದಿನ ಮೀನ್ ಇಡೀದೆ ಇದ್ರೆ ಪ್ರಪಂಚ ಮುಳ್ಗಕಿಲ್ಲ. ಎಲ್ರುಗೂ ನಾನೇ ಏಳ್ತೀನಿ.’

ಪುಟ್ಟಮಲ್ಲಮ್ಮನೂ ಒಪ್ಪಿದಳು. ‘ಎಮ್ಮೆಗೋಳ್ನ ಕಟ್ಟಾಕಿ ನೀರ್ ಒತ್ಕೊಂಡೋಗಿ ಕುಡುಸ್ತೀನಿ. ನಮ್ ಕಾಮಗೆರೆ ಎಣ್ಮಗ, ಸುಸೂತ್ರವಾಗಿ ಓಗ್ ಬರ್ಲಿ’ ಎಂದಳು. ಎಲ್ಲರೂ ಎಷ್ಟು ಒಳ್ಳೆಯವರು. ಪವಿತ್ರಳಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ, ನನ್ನ ಕೆಲಸಕ್ಕೆ ಯಾಕೆ ಬರ್ತೀಯ ಎನ್ನುತ್ತಾಳೆ. ಹದಿನೈದು ದಿನದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ಜನವರಿ ೨೩, ಶುಕ್ರವಾರ

ಬರೆಯಬೇಕು. ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ಡ್ಯಾಮು ನಾನು ಎಂದೂ ಕಾಣದ ಹಾಗಿತ್ತು. ಗಾಳಿ ಇಲ್ಲ. ಒಂದು ತೆಪ್ಪ ಇಲ್ಲ, ಒಂದು ಎಮ್ಮೆ ಇಲ್ಲ. ಜನ ಏರಿಯ ಮೇಲೆ ಸಾಲಾಗಿ ನಿಂತಿದ್ದರು, ಮಾತನ್ನೂ ಆಡದೆ. ಕೆಂಪನಂಜಪ್ಪ ಕಲ್ಲೆಸೆಯಲು ಹೊರಟ ಹುಡುಗರನ್ನು ಗದರಿ ಕೂರಿಸಿದ. ನೀರು ಕನ್ನಡಿ ಆಗಿಬಿಟ್ಟಿತ್ತು. ಗುಡ್ಡ, ಮೋಡ, ಹಾರುವ ಕೊಕ್ಕರೆ, ಎಲ್ಲವೂ ತಲೆಕೆಳಗಾಗಿ ಒಳಗಿದ್ದವು. ನನ್ನ ಯಾರ್ಡು ಒಂದು ದಿನವೂ ಇಷ್ಟು ಕ್ಲಿಯರ್ ಆಗಿರಲಿಲ್ಲ. ಸುಳ್ಳು ಯಾಕೆ, ಹೆಮ್ಮೆ ಅನ್ನಿಸಿತು.

ವಿಮಾನ ಬಂತು. ದಿನದ ಹಾಗೆಯೇ ಇಳಿಯಿತು. ಆದರೆ ದಿನಾ ನಿಧಾನಿಸುವ ಕಡೆ ನಿಧಾನಿಸಲಿಲ್ಲ. ಕೆಳಗೆ ಇನ್ನೂ ಜಾಗ ಇದೆ ಎಂದುಕೊಂಡವರ ಹಾಗೆ ನೇರ ಬಂದು ಧಡಾರನೆ ನೀರಿಗೆ ಕುಕ್ಕಿತು. ನೀರು ಗೋಡೆಯಾಗಿ ಎದ್ದು ವಿಮಾನವೇ ಕಾಣಲಿಲ್ಲ. ನಾನು ಅವಳ ಹೆಸರು ಕೂಗಿದೆನಂತೆ. ನನಗೆ ಕೇಳಿಸಲಿಲ್ಲ. ಆ ನೀರಿನೊಳಗಿಂದ ಒಂದು ರೆಕ್ಕೆ ಕೆಳಗಾಗಿ, ಬಾಲ ಒದರುತ್ತ, ಹೇಗೋ ಎದ್ದು ಬಂತು. ಎಂಜಿನ್ ಕೆಮ್ಮಿತು, ಹಿಡಿಯಿತು, ಯಳಂದೂರಿನ ಕಡೆ ಹೊರಟುಹೋಯಿತು.

ಮೊಪೆಡ್ಡನ್ನು ಎಲ್ಲೆಲ್ಲಿ ಹೇಗೆ ಓಡಿಸಿದೆನೋ ನೆನಪಿಲ್ಲ. ಶೆಡ್ಡಿನ ಮುಂದೆ ಪವಿತ್ರ ನೆಲದ ಮೇಲೆ ಕೂತಿದ್ದಳು. ಹಣೆಯಲ್ಲಿ ಗಾಯ, ಮೈಯೆಲ್ಲ ಒದ್ದೆ. ಗುರುಪ್ರಕಾಶ್ ಅವಳ ಎದುರು ನಿಂತಿದ್ದರು.

‘ನಿಂತ ನೀರು ಕಣ್ಣಿಗೆ ಮೋಸ ಮಾಡುತ್ತೆ. ಮೇಲ್ಮೈ ಎಲ್ಲಿದೆ ಅಂತ ಕಾಣೋದೇ ಇಲ್ಲ. ಅಲೆ ಇರಬೇಕು. ತೆಪ್ಪ ಇದ್ದರಷ್ಟೇ ಇಳಿ, ಇಲ್ಲದಿದ್ದರೆ ವಾಪಸ್ ಬಾ ಅಂತ ಎಷ್ಟು ಸಲ ಹೇಳಿದ್ದೆ?’

‘ಇದ್ವು ಅನ್ಸುತ್ತೆ ಸರ್. ದಿನಾ ಇರ್ತಾವಲ್ಲ. ನಾನು ಆ ದಡ ನೋಡ್ತಾ ಇದ್ದೆ. ನೆನಪಾಗ್ತಿಲ್ಲ.’

ಗುರುಪ್ರಕಾಶ್ ನನ್ನ ಕಡೆ ತಿರುಗಿದರು. ‘ನೀವು ಏರಿ ಮೇಲಿದ್ರಲ್ಲ. ತೆಪ್ಪಗಳು ಇದ್ವಾ?’

ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

‘ಇದ್ವು ಸಾ. ದಿನಾ ಇದ್ದಂಗೇ ಇದ್ವು’ ಎಂದೆ.

ಪವಿತ್ರ ತಲೆ ತಗ್ಗಿಸಿದಳು. ಗುರುಪ್ರಕಾಶ್ ಬಗ್ಗಿ ಅವಳ ಹಣೆಯ ಗಾಯ ನೋಡಿದರು. ಆಮೇಲೆ ಮೆತ್ತಗೆ ಹೇಳಿದರು. ‘ಹಾಗಾದರೆ ನಿನ್ನ ಕಣ್ಣೇ ಅಳತೆ ತಪ್ಪಿದೆ ಮಗು. ಸದ್ಯಕ್ಕೆ ತಗ್ಗಿನ ಹಾರಾಟ ಬೇಡ.’

ಜನವರಿ ೨೪, ಶನಿವಾರ

ಹೆದರಿ ಹೇಳಿದೆ. ನೀರನ್ನು ಸತ್ತ ಹಾಗೆ ನಿಲ್ಲಿಸಿದವನು ನಾನು, ನನ್ನಿಂದ ನನ್ನ ಮಗಳು ಸಾಯುತ್ತಿದ್ದಳು. ಅದನ್ನು ಆ ಕ್ಷಣ ಅವಳ ಮುಖ ನೋಡಿ ಯಾವ ಬಾಯಲ್ಲಿ ಹೇಳುವುದು? ಯಾವ ಅಪ್ಪನಾದರೂ ಹೆದರುತ್ತಾನೆ.

ಜನವರಿ ೨೬, ಸೋಮವಾರ

ಪವಿತ್ರ ಗುರುಪ್ರಕಾಶ್ ಅವರಿಗೆ ಫೋನು ಮಾಡಿ ಜಲೋತ್ಸವಕ್ಕೆ ತಾನು ಹಾರುವುದಿಲ್ಲ ಎಂದು ಹೇಳಿದಳು. ಮೈಸೂರಿಗೂ ಸದ್ಯ ಹೋಗುವುದಿಲ್ಲವಂತೆ. ಬೇರೆ ಏನಾದರೂ ನೋಡುತ್ತೇನೆ ಎಂದಳು.

ನಾನು ಬಯಸಿದ್ದು ಇದನ್ನೇ. ಮಗಳು ಮನೆಯಲ್ಲಿದ್ದಾಳೆ, ನೆಲದ ಮೇಲಿದ್ದಾಳೆ. ಬೆಳಿಗ್ಗೆ ಆಕಾಶದಲ್ಲಿ ಶಬ್ದ ಬಂದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ಶಿವರತ್ನ ಒತ್ತುಶ್ಯಾವಿಗೆ ಮಾಡಿದ್ದಳು. ಮೂರು ಜನರೂ ಒಟ್ಟಿಗೆ ಕೂತು ಉಂಡೆವು. ಆಮೇಲೆ ಗೇಟಿಗೆ ಹೋದೆ, ಬಂದೆ, ಮತ್ತೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು.

ಜನವರಿ ೨೮, ಬುಧವಾರ

ಇವತ್ತು ಕೊಳ್ಳೇಗಾಲಕ್ಕೆ ಹೋಗುತ್ತೇನೆ ಎಂದು ಪವಿತ್ರ ಒಬ್ಬಳೇ ಬಸ್ಸು ಹತ್ತಿದಳು. ಸಂಜೆ ಬಂದು ಚಪ್ಪಲಿ ಬಿಡುತ್ತಾ ತಾನಾಗಿಯೇ ಹೇಳಿದಳು.

‘ಕಣ್ಣಿನ ಡಾಕ್ಟರ ಅತ್ರ ಓಗಿದ್ದೆ. ಔಷ್ದಿ ಬುಟ್ಟು, ಲೈಟ್ ಆಕಿ, ಎಲ್ಲಾ ನೋಡಿದ್ರು. ಕಣ್ಣಲ್ಲಿ ಏನೂ ತೊಂದ್ರೆ ಇಲ್ವಂತೆ.’

‘ಒಳ್ಳೇದಾಯ್ತಲ್ಲ ಮಗ.’

‘ಏನ್ ಒಳ್ಳೇದಪ್ಪ? ಕಣ್ಣು ಸರಿ ಅದೆ ಅಂದ್ರೆ ತಲೇಲೇ ಏನೋ ಕೆಟ್ಟೋಗದೆ ಅಂತ. ಕಣ್ಣಾದ್ರೆ ಕನ್ನಡಕ ಆಕ್ಕೊಬೋದಿತ್ತು.’

ನಕ್ಕಳು. ಅಳುವುದಾದರೂ ಅತ್ತಿದ್ದರೆ ಚೆನ್ನಾಗಿತ್ತು. ಆಮೇಲೆ ಹಿತ್ತಲಿಗೆ ಹೋದಳು. ಬಾವಿಗೆ ಬಾಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಕೈ ಚಾಚಿ ನೀರು ಎಷ್ಟು ಕೆಳಗಿದೆ ಎಂದು ಅಳೆಯುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಕೆಮ್ಮಿದೆ, ಅವಳಿಗೆ ಕೇಳಿಸಲಿಲ್ಲ.

ಜನವರಿ ೩೦, ಶುಕ್ರವಾರ

ಹೆದರಿ ಹೇಳಿದೆ ಎಂದು ಬರೆದಿದ್ದೆ. ಅರ್ಧ ಸುಳ್ಳು. ಗುರುಪ್ರಕಾಶ್ ಕೇಳಿದಾಗ, ಹೆದರಿಕೆಯ ಜೊತೆಗೇ, ಹೂಂ ಎಂದುಬಿಟ್ಟರೆ ಇವಳು ಹಾರುವುದು ಇಲ್ಲಿಗೆ ನಿಲ್ಲುತ್ತದೆ ಎಂಬುದೂ ತಲೆಗೆ ಬಂದಿತ್ತು. ಬಂದಿತ್ತು. ಅವಳ ಹಣೆಯಿಂದ ರಕ್ತ ಇಳಿಯುತ್ತಿರುವಾಗ ನನಗೆ ಅದು ಬಂದಿತ್ತು.

ಇವತ್ತು ಶಿವರತ್ನ ಬಿಂದಿಗೆಗೆ ನೀರು ತುಂಬಿಸು ಎಂದರೆ, ಪವಿತ್ರ ಬಿಂದಿಗೆ ತುಂಬುವ ತನಕ ಕಾಯದೆ ಎರಡು ಸಲ ಬೆರಳು ಅದ್ದಿ ನೋಡಿದಳು. ಅಂಗಳದ ಮೆಟ್ಟಿಲನ್ನೂ ಕಾಲಲ್ಲಿ ತಡವಿ ಇಳಿಯುತ್ತಾಳೆ. ಗುಡ್ಡದ ಸಂದಿಯಿಂದ ವಿಮಾನ ಇಳಿಸಿದವಳು.

ಸಂಜೆ ಮೊಪೆಡ್ ಹತ್ತಿ ಒಡೆಯರಪಾಳ್ಯದ ತನಕ ಸುಮ್ಮನೆ ಹೋಗಿ ಬಂದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಫೆಬ್ರವರಿ ೧, ಭಾನುವಾರ

ಹೇಳಿದೆ.

ಹಿತ್ತಲಲ್ಲಿ ದಂಟಿನ ಸೊಪ್ಪು ಕೀಳುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೀಳತೊಡಗಿದೆ. ಬೇರು ಸಮೇತ ಕಿತ್ತುಬಿಟ್ಟೆ. ‘ಚಿಗುರು ಮಾತ್ರ ಚಿವುಟಪ್ಪ’ ಎಂದಳು.

‘ಮಗ, ಅವತ್ತು ತೆಪ್ಪ ಇರ್ಲಿಲ್ಲ’ ಎಂದೆ.

ಅವಳ ಕೈ ನಿಂತಿತು.

‘ಒಂದೂ ಇರ್ಲಿಲ್ಲ. ಎಮ್ಮೇನೂ ಇರ್ಲಿಲ್ಲ. ನಾನೇ ಮನೆಮನೆಗೂ ಓಗಿ ಬ್ಯಾಡ ಅಂದಿದ್ದೆ. ದಾರಿ ಖಾಲಿ ಇದ್ರೆ ನಿಂಗೆ ಒಳ್ಳೇದು ಅಂದ್ಕೊಂಡೆ. ನೀರು ಕನ್ನಡಿ ಆಗಿತ್ತು. ನಿನ್ ಕಣ್ಣು ಏನೂ ತಪ್ಪಿಲ್ಲ ಮಗ. ಯಾರ್ ಕಣ್ಗೂ ಕಾಣ್ತಿರ್ಲಿಲ್ಲ.’

ಅವಳು ನನ್ನ ಕಡೆ ನೋಡದೆಯೇ ಕೇಳಿದಳು. ‘ಖಾಲಿ ಮಾಡ್ಸಿದ್ದು ಗೊತ್ತಿಲ್ದೆ. ಸರಿ. ಗುರು ಸರ್ ಕೇಳ್ದಾಗ ಇದ್ವು ಅಂದ್ಯಲ್ಲ, ಅದು?’

‘ಅದು ಗೊತ್ತಿದ್ದೇ ಅಂದೆ.’

‘ಯಾಕೆ?’

‘ನೀನು ಆರೋದು ನಿಂತೋಗ್ಲಿ ಅಂತ.’

ಸೊಪ್ಪಿನ ಮಂಕರಿ ಅಲ್ಲೇ ಬಿಟ್ಟು ಎದ್ದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಆಗುತ್ತಿತ್ತು. ‘ನಾನು ಹುಚ್ಚಿ ತರ ಬಾವಿ ಬಗ್ಗಿ ನೋಡ್ತಿದ್ನಲ್ಲಪ್ಪ. ನೀನು ಬಾಗ್ಲಿಂದೆ ನಿಂತಿದ್ದೆ. ಕೆಮ್ಮಿದ್ದು ನಂಗೆ ಕೇಳುಸ್ತು’ ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಗುರುಪ್ರಕಾಶ್ ಅವರ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿತು.

ಶಿವರತ್ನಳಿಗೂ ಹೇಳಿದೆ. ಸೊಪ್ಪನ್ನು ಸೋಸಿ ಸಾರು ಮಾಡಿದಳು, ನನಗೆ ಬಡಿಸಲಿಲ್ಲ. ನಾನೇ ಬಡಿಸಿಕೊಂಡೆ.

ಫೆಬ್ರವರಿ ೩, ಮಂಗಳವಾರ

ಮಾತಿಲ್ಲ. ಬೆಳಿಗ್ಗೆಯೇ ಯಳಂದೂರಿಗೆ ಹೋದಳು. ಹಣೆಯ ಮೇಲಿನ ಪಟ್ಟಿ ಕಿತ್ತಿದ್ದಾಳೆ. ಗಾಯ ಒಣಗಿದೆ, ಗುರುತು ಉಳಿಯುತ್ತದೆ.

ಫೆಬ್ರವರಿ ೫, ಗುರುವಾರ

ಡ್ಯಾಮಿನ ಕಡೆಯಿಂದ ಶಬ್ದ ಬಂತು. ಹಾರುತ್ತಿದ್ದಾಳೆ. ನನ್ನನ್ನು ಕರೆದಿರಲಿಲ್ಲ, ಅದಕ್ಕೆ ಹೋಗಲಿಲ್ಲ. ಅಂಗಳದಲ್ಲಿ ನಿಂತು ಎಂಜಿನ್ ಶಬ್ದ ಕೇಳಿಸಿಕೊಂಡೆ. ಏರುತ್ತದೆ, ಇಳಿಯುತ್ತದೆ, ಗುಡ್ಡದ ಹಿಂದೆ ಅಡಗುತ್ತದೆ. ಎಷ್ಟು ಹೊತ್ತು ಅಡಗಿದರೆ ಸರಿ ಎನ್ನುವುದು ಈಗ ನನಗೂ ಅಂದಾಜಾಗಿದೆ. ಗಾಳಿ ನೋಡಿದೆ. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ತೆಪ್ಪದವರು ಇಳಿದಿದ್ದಾರೋ ಇಲ್ಲವೋ ಎಂದು ಕೆಂಪನಂಜಪ್ಪನಿಗೆ ಫೋನು ಮಾಡಿದೆ. ‘ಇಳ್ದಿದ್ದೀವಿ ಅಣ್ಣ, ಮಗಳು ಬಂದು ನಮ್ಗೆಲ್ಲಾ ತಿಳಿಸಿ ಏಳ್ತು. ಅವತ್ತು ನೀರ್ ನಿಲ್ಸಿ ನಾವೇ ತಪ್ ಮಾಡುದ್ವಿ’ ಎಂದ. ನೀವಲ್ಲ, ನಾನು ಎಂದೆ.

ಸಂಜೆ ಅವಳು ನನ್ನ ಎದುರು ಬಂದು ನಿಂತಳು.

‘ಎಂಟನೇ ತಾರೀಕು ನೀನು ಏರಿ ಮ್ಯಾಲೆ ಇರ್ಕೂಡ್ದು.’

ಸರಿ ಎಂದು ತಲೆಯಾಡಿಸಿದೆ. ಇಷ್ಟಾದರೂ ಮಾತಾಡಿದಳಲ್ಲ. ನೋಡುವ ಯೋಗ್ಯತೆ ನನಗಿಲ್ಲ ಎನ್ನುವುದು ನನಗೇ ಗೊತ್ತು.

‘ನೀರಲ್ಲಿರ್ಬೇಕು’ ಎಂದಳು. ‘ಕೆಂಪನಂಜಪ್ಪಣ್ಣನ ತೆಪ್ಪದಲ್ಲಿ. ನನ್ ದಾರಿ ಪಕ್ಕ ಅವ್ರು ನಿಲ್ಲುಸ್ತಾರೆ. ಬೆಳಿಗ್ಗೆ ಗಾಳಿ ಇರಲ್ಲ. ನಾನು ಬರೋ ತಂಕ ನೀನು ನೀರು ಬಡೀತಾ ಇರ್ಬೇಕು. ನಿಲ್ಲುಸ್ಬಾರ್ದು.’

‘ನಂಗೆ ಈಜ್ ಬರಲ್ಲ ಮಗ.’

‘ಗೊತ್ತು’ ಎಂದಳು.

ಫೆಬ್ರವರಿ ೮, ಭಾನುವಾರ

ಜನ ಎಂದರೆ ಜನ. ಹನೂರಿನಿಂದ, ಕೊಳ್ಳೇಗಾಲದಿಂದ, ತಮಿಳುನಾಡಿನ ಕಡೆಯಿಂದಲೂ ಬಂದಿದ್ದರು. ಏರಿಯ ಮೇಲೆ ಶಾಮಿಯಾನ, ಮೈಕು. ನಾನು ಅದಾವುದನ್ನೂ ಸರಿಯಾಗಿ ನೋಡಲಿಲ್ಲ. ಕೆಂಪನಂಜಪ್ಪ ನನ್ನ ಕೈ ಹಿಡಿದು ತೆಪ್ಪಕ್ಕೆ ಹತ್ತಿಸಿದ. ಕಾಲಿಟ್ಟ ಕಡೆ ತೆಪ್ಪ ಬಾಗುತ್ತದೆ, ತೆಗೆದರೆ ತಿರುಗುತ್ತದೆ. ಮಂಡಿಯೂರಿ ಕೂತೆ. ಪಂಚೆ ಒದ್ದೆಯಾಯಿತು. ಪುಟ್ಟಮಲ್ಲಮ್ಮ ದಡದಲ್ಲಿ ಎಮ್ಮೆಗಳನ್ನು ನೀರಿಗೆ ಅಟ್ಟಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಉಳಿದ ತೆಪ್ಪಗಳು ಉದ್ದಕ್ಕೆ ಒಂದೇ ಸಾಲಿಗೆ ಹರಡಿಕೊಂಡವು.

ಗಾಳಿ ಇರಲಿಲ್ಲ. ತೆಪ್ಪಗಳ ಆಚೆಗೆ ನೀರು ಮತ್ತೆ ಹಾಗೆಯೇ ಮಲಗಿತ್ತು, ಗುಡ್ಡವನ್ನು ಹೊಟ್ಟೆಯಲ್ಲಿಟ್ಟುಕೊಂಡು. ಹುಟ್ಟು ಎತ್ತಿ ಬಡಿದೆ. ಅಲೆ ಎದ್ದು ಉಂಗುರ ಉಂಗುರವಾಗಿ ಹೋಗಿ ಅವಳ ದಾರಿಯನ್ನು ಮುಟ್ಟಿತು. ಗುಡ್ಡ ಚೂರಾಯಿತು. ಮತ್ತೆ ಬಡಿದೆ. ಕೆಂಪನಂಜಪ್ಪ, ‘ಅಷ್ಟ್ ಜೋರ್ ಬ್ಯಾಡ ಅಣ್ಣ, ತೆಪ್ಪ ಮಗುಚ್ತದೆ’ ಎಂದ. ನನಗೆ ಕೇಳಿಸಿಕೊಳ್ಳುವ ಹಾಗಿರಲಿಲ್ಲ. ತೋಳು ಕಿತ್ತುಬರುತ್ತಿತ್ತು. ಒಂದು ಬಡಿತ ಕಡಿಮೆಯಾದರೆ ಅಷ್ಟು ಜಾಗ ಅವಳಿಗೆ ಕಾಣಿಸದೆ ಹೋಗುತ್ತದೆ ಎನ್ನುವುದೊಂದೇ ತಲೆಯಲ್ಲಿದ್ದದ್ದು. ಎಂಜಿನ್ ಶಬ್ದ ಗುಡ್ಡದಿಂದ ಬಂತು, ದೊಡ್ಡದಾಯಿತು, ಎದೆಯೊಳಗೇ ಬಂತು. ಮೈಮೇಲೆ ನೀರು ಎರಚಿತು. ಬಡಿಯುತ್ತಿದ್ದೆ.

‘ಅಣ್ಣ, ಸಾಕು ನಿಲ್ಸಿ. ಓಯ್ತು. ಮಗಳು ಆಗ್ಲೇ ಓಯ್ತು’ ಎಂದು ಕೆಂಪನಂಜಪ್ಪ ನನ್ನ ಕೈ ಹಿಡಿದ. ತಲೆ ಎತ್ತಿದೆ. ದೂರದಲ್ಲಿ ವಿಮಾನ ಆ ದಡದ ಮರಗಳ ಮೇಲೆ ಏರುತ್ತಿತ್ತು. ನೀರಿನ ಮೇಲೆ ಎರಡು ಬಿಳಿ ಗೀಟು, ಈ ಕಡೆಯಿಂದ ಆ ಕಡೆಗೆ ನೆಟ್ಟಗೆ. ಜನ ಕೂಗುತ್ತಿದ್ದರು. ನಾನು ತೆಪ್ಪದಲ್ಲಿ ಕೂತು ಗೊಳೋ ಎಂದು ಅತ್ತೆ. ಕೆಂಪನಂಜಪ್ಪ ಬೇರೆ ಕಡೆ ನೋಡುತ್ತಾ ಹುಟ್ಟು ಹಾಕಿದ.

ಸಂಜೆ ಊಟಕ್ಕೆ ಗುರುಪ್ರಕಾಶ್ ಅವರೂ ಬಂದಿದ್ದರು. ನನ್ನ ತೋಳು ಮೇಲೇಳುತ್ತಿರಲಿಲ್ಲ, ಪವಿತ್ರ ಮುದ್ದೆ ಮುರಿದು ತಟ್ಟೆಗೆ ಇಟ್ಟಳು. ಇನ್ನೂ ಮೊದಲಿನ ಹಾಗೆ ಮಾತಿಲ್ಲ. ಅದು ಬರಲು ದಿನ ಹಿಡಿಯುತ್ತದೆ.

‘ನೋಡ್ದಾ?’ ಎಂದು ಕೇಳಿದಳು.

‘ಇಲ್ಲ ಮಗ. ನೀರು ಬಡೀತಿದ್ದೆ.’

ಅವಳು ನನ್ನ ತಟ್ಟೆಗೆ ಸಾರು ಬಿಟ್ಟಳು. ಗುರುಪ್ರಕಾಶ್ ಇನ್ನೊಂದು ವಿಷಯ ತೆಗೆದರು. ಹಾಸನದ ಕಡೆ ಒಂದು ಹಿನ್ನೀರಿನಲ್ಲಿ ಮುಂದಿನ ತಿಂಗಳು ಇಂಥದ್ದೇ ಉತ್ಸವವಂತೆ, ಪವಿತ್ರಳನ್ನೇ ಕೇಳುತ್ತಿದ್ದಾರಂತೆ. ದಡದಿಂದ ದಡಕ್ಕೆ ಇದಕ್ಕಿಂತ ದೂರವಂತೆ. ಶಿವರತ್ನ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಪವಿತ್ರಳೂ ನೋಡಿದಳು. ಏನನ್ನು ಕಾಯುತ್ತಿದ್ದರೋ.

‘ಅಲ್ಲಿ ತೆಪ್ಪದೋರು ಎಷ್ಟ್ ಜನ ಅವ್ರೆ?’ ಎಂದು ಕೇಳಿದೆ.